ಬಸಲಿಂಗಪ್ಪ ಕಾಕಾ ಮಾಡಿದ ಹೆಣದ ಪಾರ್ಟು

ಬದುಕಿರುವಾಗಲೇ ತಮ್ಮ ಹೆಣವನ್ನು ಊರಿಗೆಲ್ಲ ತೋರಿಸಿಕೊಂಡು ತಿರುಗಿದವರನ್ನು ನಾನು ಕಂಡದ್ದು ಒಬ್ಬರನ್ನೇ: ಮೂಡಲಗಿಯ ನಮ್ಮ ಓಣಿಯ ಬಸಲಿಂಗಪ್ಪ ಕಾಕಾ. ಕಿಸೆಯಿಂದ ಮೊಬೈಲು ತೆಗೆದು ಎದುರಿನವರ ಮೂಗಿಗೆ ಹಿಡಿದು, "ನೋಡ್ರಿ, ಅಂಗಾತ ಬಿದ್ದೇನಿ" ಎನ್ನುವರು. ಆಮೇಲೆ ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ.

ಕಾಕಾ ದೊಡ್ಡಾಟದಲ್ಲಿ ರಾಜನ ಪಾರ್ಟು ಮಾಡುತ್ತಿದ್ದವರು. ತಾವು ಕತ್ತಿ ಹಿರಿದು ಗರ್ಜಿಸಿದರೆ ದೂರದ ಕೌಜಲಗಿಯ ತೊಟ್ಟಿಲ ಕೂಸುಗಳು ಏಳುತ್ತಿದ್ದವೆಂದು ಅವರೇ ಹೇಳುತ್ತಿದ್ದರು. ಅಂಥವರನ್ನು, ಗೋಕಾಕಕ್ಕೆ ಶೂಟಿಂಗಿಗೆ ಬಂದ ಪತ್ತೇದಾರಿ ಧಾರಾವಾಹಿಯವರು ಮೀಸೆ ನೋಡಿ ಆರಿಸಿ, ಕಬ್ಬಿನ ಹೊಲದ ಕೆಸರಿನಲ್ಲಿ ಮಲಗಿಸಿದರು. ಕೊಲೆಯಾದ ಗೌಡ. ಒಂದು ಮಾತೂ ಇಲ್ಲ. ಪತ್ತೇದಾರ ಬೀಡಿ ಸೇದುತ್ತ ಅವರನ್ನು ಬಹಳ ಹೊತ್ತು ನೋಡುತ್ತಾನೆ, ಅಷ್ಟೇ. ಮೊಬೈಲಿನಲ್ಲಿದ್ದದ್ದು ಆ ತುಣುಕೇ.

ದೊಡ್ಡ ಪತ್ರಿಕೆಗಳು 'ಕಟುವಾಸ್ತವ' ಎಂದು ಧಾರಾವಾಹಿಯನ್ನು ಕೊಂಡಾಡಿದವು. ಸಾಲಿ ಮಾಸ್ತರಿಕೆಯ ಜೊತೆಗೆ ಗೋಕಾಕದ ವಾರಪತ್ರಿಕೆಯಲ್ಲಿ ವಿಮರ್ಶೆಯ ಗುರುತರ ಹೊಣೆ ಹೊತ್ತಿದ್ದ ನಾನು, ಕತೆ ನಿಧಾನ, ಬೆಳಕು ಸಾಲದು, ಕೆಸರು ಹೆಚ್ಚು ಎಂದು ಬರೆದೆ. ಪತ್ರಿಕೆ ಬಂದ ಬೆಳಿಗ್ಗೆಯೇ ಕಾಕಾ ಬಾಗಿಲಲ್ಲಿ.

"ಮಾಸ್ತರ, ಬೆಳಕಿನ ಬಗ್ಗೆ ಬರದ್ರಿ, ಕೆಸರಿನ ಬಗ್ಗೆ ಬರದ್ರಿ. ಹೆಣ ಏನ್ ಪಾಪ ಮಾಡಿತ್ರಿ?"

"ಹೆಣದ ಬಗ್ಗೆ ಏನಂತ ಬರೀಲಿ ಕಾಕಾ?"

"ರಾಜನ ಪಾರ್ಟು ಯಾರರ ಮಾಡ್ತಾರ, ಒದರಿದ್ರ ಆತು. ಸುಮ್ನ ಇರೂದು ಭಾಳ ತ್ರಾಸಿಂದೈತ್ರಿ."

ಸುಮ್ಮನಿರುವ ತ್ರಾಸಿನ ಕುರಿತು ಅವರು ಮಧ್ಯಾಹ್ನದವರೆಗೆ ಮಾತಾಡಿದರು.

ಅವರಿಗೆ ಬೇಕಾದದ್ದು ನನ್ನ ಮೆಚ್ಚುಗೆಯಲ್ಲವೆಂದು ಆಮೇಲೆ ತಿಳಿಯಿತು. ಅವರ ಹೆಂಡತಿ ಗಂಗವ್ವ ಕಾಕು ಪ್ರತಿ ಆಟಕ್ಕೂ ಮುಂದೆ ಕೂತು ನೋಡಿ, ಮರುದಿನ ರೊಟ್ಟಿ ಬಡಿಯುತ್ತ ತೀರ್ಪು ಕೊಡುತ್ತಿದ್ದವರು: "ಎರಡನೇ ಪದ ಹಾಡೂಮುಂದ ದನಿ ಒಡೀತು ನೋಡ್ರಿ." ಕಾಕಾ ನಂಬಿದ್ದು ಆ ಒಂದು ವಿಮರ್ಶೆಯನ್ನು. ಈ ಪಾರ್ಟನ್ನು ಮಾತ್ರ ಕಾಕು ನೋಡಲೊಲ್ಲರು. "ಮುತ್ತೈದಿ ಕುಂತು ಗಂಡನ ಹೆಣಾ ನೋಡೂದೇನ್ರಿ?"

"ನೀವು ಚಲೋ ಬರದ್ರ ಓದಿ ಹೇಳ್ತೇನಿ ಮಾಸ್ತರ. ಪೇಪರಿನ ಮಾತು ಆಕಿ ನಂಬತಾಳ," ಎಂದು ಕಾಕಾ ನನ್ನ ಬೆನ್ನು ಬಿದ್ದರು. ಹುಕ್ಕೇರಿಯ ಒಂದು ಮದುವೆಗೆ ನನ್ನ ಜೊತೆ ಬಂದವರು ಊಟದ ಪಂಕ್ತಿಯಲ್ಲೇ ಮೊಬೈಲು ತೆಗೆದರು. ಹೆಣ್ಣಿನ ತಂದೆ ಸಾರಿನ ಬಕೆಟ್ಟು ಕೆಳಗಿಟ್ಟು, "ಮದವಿ ಮನ್ಯಾಗ ಹೆಣಾ ತೋರಸ್ತೀರೇನ್ರಿ, ಹಿರ್ಯಾರಾಗಿ?" ಎಂದರು. ಕಾಕಾ ಅಂಜಲಿಲ್ಲ. "ಪೂರಾ ನೋಡ್ರಿ, ಆಮ್ಯಾಲೆ ಬೈರಿ." ಹೋಳಿಗೆ ಬಿಟ್ಟು ಎದ್ದು ಬಂದವನು ನಾನು.

ಬೇಸತ್ತು ಮುಂದಿನ ಸಂಚಿಕೆಯಲ್ಲಿ 'ಹೆಣದ ಪಾತ್ರ ಕೊಲೆಗಾರನಿಗಿಂತ ಸಹಜವಾಗಿದೆ' ಎಂದು ಬರೆದುಕೊಟ್ಟೆ. ಕಾಕಾ ಅದನ್ನು ದೊಡ್ಡಾಟದ ದನಿಯಲ್ಲೇ ಓದಿದರಂತೆ. "ಮಾಸ್ತರಗ ಬ್ಯಾರೆ ಕೆಲಸಿಲ್ಲೇನ್ರಿ?" ಎಂದು ಕಾಕು ಒಳಗೆ ಹೋದರಂತೆ.

ಹೋದ ವರ್ಷ ಸುಗ್ಗಿಯಲ್ಲಿ ಕಾಕಾ ಮಲಗಿದಲ್ಲೇ ಹೋದರು. ಕಾರ್ಯಗಳೆಲ್ಲ ಮುಗಿದ ಮೇಲೆ ಕಾಕು ನನ್ನನ್ನು ಕರೆಸಿ ಅವರ ಮೊಬೈಲು ಚಾಚಿದರು. "ಆ ಹೆಣದ ಪಾರ್ಟು ಒಂದೀಟು ಹಚ್ರಿ ಮಾಸ್ತರ. ಇನ್ನ ನನಗೇನು ಅಡ್ಡಿ?"

ಹಚ್ಚಿದೆ. ಕೆಸರಿನಲ್ಲಿ ಬಿದ್ದ ಗಂಡನನ್ನು ಅವರು ಕಣ್ಣು ಕಿರಿದು ಮಾಡಿ ನೋಡಿದರು. ಮೆಚ್ಚಿದರೋ ಇಲ್ಲವೋ ತಿಳಿಯದೆ ನಾನು ಕೂತಿದ್ದೆ.

"ಹೊಟ್ಟಿ ಏಳತೈತಿ, ಇಳೀತೈತಿ. ಉಸರಾಡಾಕತ್ತಾರಲ್ರಿ ಇವರು," ಎಂದರು. "ಏನ್ ನೋಡಿ ಬರದ್ರಿ ನೀವು ಪೇಪರಿನಾಗ?"

ನಾನು ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದುಕೊಂಡೆ.

"ಹೋಗ್ಲಿ ಬಿಡ್ರಿ. ಇನ್ನೊಮ್ಮೆ ಹಚ್ರಿ."