ಕಾಫಿಪುಡಿ ಡಬ್ಬಿಯ ತಂತಿ ಪಾಠ

ಕಾಫಿಪುಡಿ ಮುಗಿಯುವ ಹೊತ್ತಿಗೆ ಡಬ್ಬಿಯ ಅಂಚಿಗೆ ಚಮಚ ಕುಟ್ಟಿ ಪುಡಿ ಉದುರಿಸುವುದು ನನ್ನ ಹಳೆಯ ಚಾಳಿ. ಇವತ್ತು ಬೆಳಿಗ್ಗೆ ಹಾಗೆ ಕುಟ್ಟಿದಾಗ ಚಿಕೋರಿಯ ಘಾಟಿನ ಜೊತೆಗೆ ಚಿನ್ನದ ಗಣಿಯ ಊರು ಉರಿಗಾಂನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕ ನೆನಪಾದಳು. ಒಲೆಯ ಮೇಲಿದ್ದ ಹಾಲು ಉಕ್ಕಿ ಹೋಯಿತು. ಹೋಗಲಿ...

ಐವತ್ತರ ದಶಕದ ಕೊನೆ ಇರಬೇಕು. ಅಕ್ಕ ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದಳು, ನಾನಿನ್ನೂ ಹೈಸ್ಕೂಲು. ಅವಳ ಅಪ್ಪನ ಎದೆಯಲ್ಲಿ ಗಣಿಯ ದೂಳು ಕೂತಿತ್ತು. ನಾಲ್ಕು ಮಾತಾಡಿದರೆ ನಿಂತು ಉಸಿರು ಎಳೆದುಕೊಳ್ಳಬೇಕು. ಗಣಿ ಕೆಲಸ ಬಿಟ್ಟವರು ಗಣಿಯ ಮನೆಯನ್ನೂ ಬಿಡಬೇಕಿತ್ತು. ಅಕ್ಕನಿಗೆ ತಂತಿ ಕಚೇರಿಯ ಕೆಲಸ ಸಿಕ್ಕರೆ ಬಂಗಾರಪೇಟೆಯಲ್ಲಿ ಬಾಡಿಗೆ ಮನೆ ಹಿಡಿದು ಅಪ್ಪನನ್ನು ಡಾಕ್ಟರ ಹತ್ತಿರವೇ ಇಟ್ಟುಕೊಳ್ಳಬಹುದು. ಇಲ್ಲವಾದರೆ ದೊಡ್ಡಪ್ಪನ ಹಳ್ಳಿ. ಅಲ್ಲಿ ಡಾಕ್ಟರು ಹಾಗಿರಲಿ, ಮಳೆಗಾಲದಲ್ಲಿ ಗಾಡಿ ಹೋಗುವ ದಾರಿಯೂ ಇರಲಿಲ್ಲ.

ತಂತಿಯ ಭಾಷೆಯಲ್ಲಿ ಇರುವುದು ಎರಡೇ, ಗಿಡ್ಡ ಸದ್ದು ಮತ್ತು ಉದ್ದ ಸದ್ದು. ಪುಸ್ತಕದಲ್ಲಿ ಅವನ್ನು ಚುಕ್ಕೆ, ಗೆರೆ ಎಂದು ಬರೆದಿರುತ್ತಾರೆ. ಹೇಳಿಕೊಡುವವರಿಲ್ಲದೆ ಅಕ್ಕ ಆಂಡರ್ಸನ್‌ಪೇಟೆಯಿಂದ ರಟ್ಟು ಹರಿದ ಅಂಥದೊಂದು ಪುಸ್ತಕ ತಂದಳು. ಚುಕ್ಕೆ, ಗೆರೆ ಎಂದರೆ ನಮ್ಮ ಹೆಣ್ಣುಮಕ್ಕಳಿಗೆ ಇನ್ನೇನು? ರಂಗೋಲಿ! ದಿನಾ ಬೆಳಿಗ್ಗೆ ಸಗಣಿ ಸಾರಿಸಿದ ಅಂಗಳದಲ್ಲಿ ಇಂಗ್ಲಿಷ್ ಅಕ್ಷರಗಳನ್ನೆಲ್ಲ ಚುಕ್ಕೆ ಗೆರೆಗಳಲ್ಲಿ ಬಿಡಿಸಿ ಬಿಡಿಸಿ ಬಾಯಿಪಾಠ ಮಾಡಿದಳು.

"ಇದ್ಯಾವ ಸೀಮೆ ರಂಗೋಲಿನೇ, ತಲೆ ಇಲ್ಲ ಬಾಲ ಇಲ್ಲ" ಎಂದು ನಮ್ಮಮ್ಮ ನಗುತ್ತಿದ್ದಳು. ನನಗೆ ಮಾತ್ರ ಅಕ್ಕನಂಥ ಜಾಣೆ ಲೋಕದಲ್ಲೇ ಇಲ್ಲವೆನಿಸಿತ್ತು.

ಆ ಜಾಣತನ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಇಳಿದುಹೋಯಿತು. ತಂತಿ ಯಂತ್ರ ನೋಡಲು ಹೊರಟ ಅಕ್ಕನ ಜೊತೆ ನಾನೂ ಹೋಗಿದ್ದೆ. ಯಂತ್ರ ಕಟಕಟ ಎನ್ನುತ್ತಿತ್ತು. "ಏನ್ ಬತ್ತಾ ಐತೆ, ಯೋಳಮ್ಮ" ಎಂದರು ಅಲ್ಲಿದ್ದ ತಂತಿ ಮಾಸ್ತರರು. ಅಕ್ಕ ಒಂದಕ್ಷರವನ್ನೂ ಹೇಳಲಾರದೆ ನಿಂತಳು. "ಕಣ್ಣಾಗೆ ಕಲ್ತಿದೀಯ. ಇದು ಕಿವಿಯಾಗೆ ಕಲ್ಯೋ ಇದ್ಯೆ ಕಣಮ್ಮ" ಎಂದರು. ದಡದಲ್ಲಿ ಕೂತು ಈಜು ಕಲಿತ ಹಾಗಾಗಿತ್ತು. ತಂತಿ ಕೆಲಸದ ಪರೀಕ್ಷೆ ಹತ್ತಿರ ಬಂದಿತ್ತು.

ಮರುದಿನದಿಂದ ಅವಳ ಅಪ್ಪ ಮಲಗಿದಲ್ಲೇ ಪುಸ್ತಕ ಹಿಡಿದರು. ಅವರಿಗೆ ಇಂಗ್ಲಿಷ್ ಬಾರದು. ಚುಕ್ಕೆ ಕಂಡರೆ ಕಾಫಿಪುಡಿ ಡಬ್ಬಿಯ ಮೇಲೆ ಚಮಚದಿಂದ ಒಂದು ಕುಟ್ಟು, ಗೆರೆ ಕಂಡರೆ ಒಂದು ಉಜ್ಜು. ಅಕ್ಕ ಗೋಡೆಗೆ ಮುಖ ಮಾಡಿ ಕೂತು ಅಕ್ಷರ ಹೇಳುತ್ತಿದ್ದಳು. ಟಕ್, ಟಕ್, ಕರ್ರ್... ಆಮೇಲೆ ಸದ್ದಿಲ್ಲ. ಅಪ್ಪ ಉಸಿರು ಎಳೆದುಕೊಳ್ಳುತ್ತಿದ್ದಾರೆಂದು ಗೋಡೆಯಾಚೆ ಇದ್ದ ನನಗೂ ತಿಳಿಯುತ್ತಿತ್ತು. ಮತ್ತೆ ಟಕ್. ಬರಬರುತ್ತಾ ಅಕ್ಕ ಒಂದು ಅಕ್ಷರವೂ ತಪ್ಪುತ್ತಿರಲಿಲ್ಲ. ಗಣಿ ಮನೆಗಳ ಸಾಲಾದ ನಮ್ಮ ಲೈನಿನವರೆಲ್ಲ ಕೆಲಸ ಸಿಕ್ಕೇಬಿಟ್ಟಿತು ಎಂದುಕೊಂಡೆವು.

ಪರೀಕ್ಷೆ ಮುಗಿಸಿ ಬಂದವಳು ತನ್ನ ಮನೆಗೆ ಹೋಗದೆ ನಮ್ಮ ಹಿತ್ತಿಲಿಗೆ ಬಂದು ಕೂತಳು.

"ಮೊದ್ಲು ಎಲ್ಲಾ ಬಂತು ಕಣೆ. ಆಮ್ಯಾಕೆ... ಅಪ್ಪ ಉಸಿರು ಎಳ್ಕೊಳ್ಳೋ ಜಾಗ್ದಾಗೆ ನಾನೂ ನಿಂತೆ. ಮಿಸೀನು ನಿಲ್ಲಲಿಲ್ಲ" ಎಂದಳು. ಒಮ್ಮೆ ತಪ್ಪಿದ ಮೇಲೆ ಮುಂದಿನದು ಒಂದೂ ಕೈಗೆ ಹತ್ತಲಿಲ್ಲವಂತೆ.

ಅಪ್ಪನಿಗೆ ಅವಳು ಹೇಳಿದ್ದೇ ಬೇರೆ. "ಕೈ ನಡುಗಿಬುಡ್ತಪ್ಪ, ಬರೆಯಾಕಾಗ್ಲಿಲ್ಲ" ಎಂದಳು. ಅವರು ಪಾಪ, ಮಗಳ ಕೈ ಹಿಡಿದು, "ಅಳಬ್ಯಾಡ ಅಮ್ಮಣ್ಣಿ. ಇನ್ನೊಂದ್ಸಲ ಓಗು... ನಾನ್ ಕುಟ್ತೀನಿ" ಎಂದರು.

ಆ ತಿಂಗಳೇ ಅವರು ಹಳ್ಳಿಗೆ ಹೊರಟರು. ರಾಗಿ ಕಟಾವಿನ ಹೊತ್ತಿಗೆ ಅಪ್ಪ ತೀರಿಕೊಂಡರೆಂದು ಸುದ್ದಿ ಬಂತು. ಅಕ್ಕ ಮತ್ತೆ ಪರೀಕ್ಷೆಗೆ ಕೂರಲಿಲ್ಲ. ಎಲ್ಲಿಗೋ ಮದುವೆಯಾಗಿ ಹೋದಳಂತೆ... ನಾನು ಅವಳನ್ನು ಮತ್ತೆ ನೋಡಲೇ ಇಲ್ಲ.

ಈಗ ತಂತಿಯೂ ಇಲ್ಲ, ಗಣಿಯೂ ಇಲ್ಲ. ಅಕ್ಕ ಇದ್ದಾಳೋ ಇಲ್ಲವೋ, ಕೇಳಲು ಆ ಲೈನಿನವರು ಯಾರೂ ಉಳಿದಿಲ್ಲ. ಒಲೆ ಒರೆಸಿ ಮತ್ತೆ ಡಬ್ಬಿಗೆ ಚಮಚ ಕುಟ್ಟಿದೆ. ಎರಡು ಸಲ ಕುಟ್ಟಿ ಯಾಕೋ ಕೈ ತಡೆಯಿತು. ಅಕ್ಕನ ಅಪ್ಪ ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಕಾದೆ.