ಶುಕ್ರವಾರದ ಬ್ರೆಡ್ಡು

ದೋಹಾದಲ್ಲಿ ಹನ್ನೆರಡು ವರ್ಷ ಕಳೆದವನಿಗೆ ಶುಕ್ರವಾರ ಎಂದರೆ ರಜೆ, ಭಾನುವಾರ ಎಂದರೆ ಆಫೀಸು. ಆ ಲೆಕ್ಕವನ್ನೇ ಫ್ರಾನ್ಸಿಗೂ ಹೊತ್ತುಕೊಂಡು ಹೋದ ಪೆದ್ದ ನಾನು.

ನಡೆಯುವ ಹುಚ್ಚು ಹೆಂಡತಿಯದು. ಬೆನ್ನಿನ ಆಪರೇಷನ್ ಆಗಿ ಅವಳು ಒಂದು ವರ್ಷ ಮಲಗಿದ್ದಳು. ದೋಹಾದ ಅಲ್ ಹಿಲಾಲ್ ಬಡಾವಣೆಯ ನಮ್ಮ ಫ್ಲ್ಯಾಟಿನ ಕಾರಿಡಾರಿನಲ್ಲಿ ದಿನಾ ಬೆಳಿಗ್ಗೆ ನಾನೇ ಕೈಹಿಡಿದು ನಡೆಸುತ್ತಿದ್ದೆ. ‘ಯಲ್ಲಾ, ಇನ್ನು ಹತ್ತೇ ಹೆಜ್ಜೆ’ ಎಂದು ಅರಬರ ಹಾಗೆ ಹುರಿದುಂಬಿಸುತ್ತಿದ್ದೆ. ಹತ್ತಾದ ಮೇಲೆ ಮತ್ತೆ ಹತ್ತು. ಓಡಾಡುವ ಹಾಗಾದದ್ದೇ ತಡ, ಫ್ರಾನ್ಸಿನ ಯಾತ್ರಿಕರ ಹಳೆಯ ಕಾಲುದಾರಿಯ ಬಗ್ಗೆ ಎಲ್ಲೋ ಓದಿಬಿಟ್ಟಳು.

‘ಎಂಟು ದಿನ ನಡೀಬೇಕು. ಒಂದು ಕಡೆಯೂ ಕಾರು ಹತ್ತುವುದಿಲ್ಲ. ಹಾಗಾದ್ರೆ ಮಾತ್ರ ನಾನು ಗುಣ ಆದೆ ಅಂತ ನಂಗೆ ನಂಬಿಕೆ ಬರ್ತದೆ’ ಎಂದಳು.

ಆ ಊರುಗಳೋ! ಒಂದೊಂದೂ ಗುಡ್ಡದ ತುದಿಗೇ ಹೋಗಿ ಕೂತಿವೆ. ಚರ್ಚಿನ ಗೋಪುರ ಹತ್ತು ಗಂಟೆಗೇ ಕಾಣುತ್ತದೆ, ತಲುಪುವಾಗ ಒಂದು. ಕಲ್ಲಿನ ಮನೆಗಳು, ಮುಚ್ಚಿದ ಕಿಟಕಿಗಳು, ಚೌಕದಲ್ಲೊಂದು ನಲ್ಲಿ, ಬೆಂಚಿನ ಮೇಲೊಂದು ಬೆಕ್ಕು. ಮೂರನೆಯ ಊರಿನ ಹೊತ್ತಿಗೆ ನನಗೆ ಯಾವುದು ಯಾವುದೆಂದು ತಿಳಿಯದಷ್ಟು ಸುಸ್ತು. ಅವಳು ಮಾತ್ರ ಚೀಲ ಇಳಿಸಿ ಪ್ರತಿ ಓಣಿಯನ್ನೂ ಸುತ್ತಿ ಬರುತ್ತಿದ್ದಳು.

ನಾಳೆ ಅಂಗಡಿ ಇರುವುದಿಲ್ಲವೆಂದು ಗುರುವಾರ ಜಾಣತನದಿಂದ ಎರಡು ದಿನದ ಬ್ರೆಡ್ಡು, ಚೀಸು ಕೊಂಡು ಹೊತ್ತೆ. ಶುಕ್ರವಾರ ಎಲ್ಲ ಅಂಗಡಿಗಳೂ ತೆರೆದಿದ್ದವು.

‘ಎಂತ ಮಾರಾಯ್ರೆ, ಇಲ್ಲಿಯೂ ಜುಮ್ಮಾ ರಜೆ ಉಂಟಾ?’ ಎಂದು ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆದರೂ ನಮ್ಮಿಬ್ಬರಿಗೂ ಬುದ್ಧಿ ಬರಲಿಲ್ಲ. ಭಾನುವಾರ ಖಾಲಿ ಚೀಲ ಹೊತ್ತು ಹೊರಟೆವು.

ಮಧ್ಯಾಹ್ನ ಊರು ಸೇರಿದರೆ ಬ್ರೆಡ್ಡಿನ ಅಂಗಡಿ ಬಂದ್, ಕಾಫಿ ಅಂಗಡಿ ಬಂದ್, ಒಂದು ನರಪಿಳ್ಳೆಯೂ ಇಲ್ಲ. ಊಟ ಸಿಗುವುದು ಮುಂದಿನ ಊರಿನ ವಸತಿಗೃಹದಲ್ಲಿ, ಇನ್ನೂ ಐದು ಕಿಲೋಮೀಟರ್. ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತೆ.

‘ಖಲಾಸ್. ನನ್ನಿಂದ ಆಗುವುದಿಲ್ಲ. ಟ್ಯಾಕ್ಸಿ ಕರೆಸುವ’ ಎಂದು ರೇಗಿದೆ.

ಅವಳ ಮುಖ ಸಪ್ಪಗಾಯಿತು. ಇನ್ನು ಎರಡೇ ದಿನ ಉಳಿದಿತ್ತು. ನನ್ನ ಮುಂದೆ ಬಂದು ಕೈ ಚಾಚಿದಳು.

‘ಯಲ್ಲಾ ಮಾರಾಯ್ರೆ, ಇನ್ನು ಹತ್ತೇ ಹೆಜ್ಜೆ.’

ಸಿಟ್ಟೂ ಬಂತು, ಅಳುವೂ ಬಂತು. ಆ ಹತ್ತು ಎಷ್ಟು ದೊಡ್ಡ ಸುಳ್ಳೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು! ಕೈ ಕೊಟ್ಟೆ. ಒಂದೇ ಸಲಕ್ಕೆ ಎಳೆದು ಎಬ್ಬಿಸಿದಳು. ಅವಳು ಗುಣವಾಗಿದ್ದಾಳೆಂದು ನನಗೆ ನಂಬಿಕೆ ಬಂದದ್ದು ಆಗಲೇ.