ಬಚ್ಚಲ ಒಲೆಯ ಮೇಲೆ ಸಮುದ್ರದ ಕಲ್ಲು

ಸಂಜೆ ಆರೂಕಾಲಿಗೆ ಅತ್ತೆ ಮೊದಲ ಸಲ ಕೆಮ್ಮಿದರು. ಆಗಷ್ಟೇ ಕರೆಂಟು ಬಂದು, ನಡುಮನೆಯಲ್ಲಿದ್ದ ಮೀನಿನ ತೊಟ್ಟಿಯ ಪಂಪು ಮತ್ತೆ ಗುಳುಗುಳು ಅನ್ನತೊಡಗಿತ್ತು. ನಾನು ಮಾಳಿಗೆಯ ತಗಡಿನಡಿ ಬಟ್ಟೆ ಮಡಚುತ್ತಿದ್ದೆ. ಆ ಸಂಜೆ ಯಾರು ಎಲ್ಲಿದ್ದರು ಎಂಬುದನ್ನು ಇವತ್ತಿಗೂ ಮನಸ್ಸಿನಲ್ಲೇ ಜೋಡಿಸಿ ನೋಡುತ್ತಿರುತ್ತೇನೆ.

ತೊಟ್ಟಿ ನನ್ನ ಗಂಡನದು. ಶಿರಸಿಯಲ್ಲಿ ಸೈಬರ್ ಕೆಫೆಗಳು ತೆರೆದ ಹೊಸತರಲ್ಲಿ ಅವರಿಗೆ ಉಪ್ಪುನೀರಿನ ಮೀನು ಸಾಕುವ ಹುಚ್ಚು ಹಿಡಿಯಿತು. ಕುಮಟೆಗೆ ಇಳಿದು ಕ್ಯಾನುಗಳಲ್ಲಿ ಸಮುದ್ರದ ನೀರು ತಂದರು. ಹುಬ್ಬಳ್ಳಿಯ ಮೀನಿನ ಅಂಗಡಿಯವನು ಜೀವಿಗಳು ಅಂಟಿಕೊಂಡಿದ್ದ ಒಂದು ಕಲ್ಲು ಕೊಟ್ಟ. “ಇದ್ರಾಗ ಹುಳ ಇಲ್ರಿ, ಗ್ಯಾರಂಟಿ” ಎಂದ. ನಾವು ಹುಳದ ಮಾತನ್ನೇ ಎತ್ತಿರಲಿಲ್ಲ. ನನಗೆ ಅವನ ಮೇಲೆ ಅನುಮಾನ ಹುಟ್ಟಿದ್ದು ಅಲ್ಲೇ.

ಕಲ್ಲಿನ ಒಂದು ಮಗ್ಗುಲಲ್ಲಿ ಅಂಗಿಯ ಗುಂಡಿಗಳಂಥ ಹಸಿರು ಹೂಗಳಿದ್ದವು. ಗಂಡನಿಗೆ ಅವುಗಳ ಮೇಲೆ ಪ್ರಾಣ. ಕೆಲವು ದಿನಗಳಲ್ಲಿ ಇನ್ನೊಂದು ಮಗ್ಗುಲಲ್ಲಿ ಕಂದು ಬಣ್ಣದ್ದೊಂದು ಹುಟ್ಟಿತು. ಅದೂ ಹೂವಿನಂತೆಯೇ, ಆದರೆ ಮುಟ್ಟಿದರೆ ಸರ್ರನೆ ತೂತಿನೊಳಗೆ ಸೇರುತ್ತಿತ್ತು. ಕಿತ್ತರೆ ಕಿತ್ತಲ್ಲಿ ನಾಲ್ಕಾರು ಏಳುತ್ತಿದ್ದವು. ಒಂದು ಪುಟ್ಟ ಮೀನು ಅದರ ಎಳೆಗಳಿಗೆ ಸಿಕ್ಕಿ ಸತ್ತ ಮೇಲೆ ಮನೆಮಂದಿಯೆಲ್ಲ ಅದನ್ನು ಕಳ್ಳನನ್ನು ಕಾಯುವ ಹಾಗೆ ಕಾದೆವು.

ನಮ್ಮ ಮನೆಯಲ್ಲಿ ಹುಳ ಯಾವುದಾದರೂ ಮದ್ದು ಕುದಿನೀರು. ಮಂಚದ ತಿಗಣೆಗೂ ಅದೇ, ಗೋಡೆಯಂಚಿನ ಇರುವೆಗೂ ಅದೇ.

“ತಮಾ, ಆ ಕಲ್ಲನ್ನೇ ಕುದಿಸ್ಬುಡು” ಎಂದರು ಅತ್ತೆ ಮಗನಿಗೆ.

“ಹಸಿರು ಹೂವು ಚೊಲೋ ಇದ್ದು ಆಯಿ.”

“ಹೂವು ಬೇಕಾದ್ರೆ ಅಂಗಳದಲ್ಲಿ ದಾಸಾಳ ಇಲ್ಯ?”

ಕೊನೆಗೆ ಆ ಸಂಜೆ ಗಂಡ ಹಳೆಯ ಅಲ್ಯೂಮಿನಿಯಂ ಪಾತ್ರೆಯಲ್ಲಿ ಕಲ್ಲು ಮುಳುಗಿಸಿ ಬಚ್ಚಲ ಒಲೆಯ ಮೇಲಿಟ್ಟರು. ಮಳೆಯ ಎರಚಲಿಗೆ ಕಿಟಕಿ ಮುಚ್ಚಿತ್ತು. ಅತ್ತೆ ಒಲೆಯ ಮುಂದೆ ಕೂತು ಸೌದೆ ದೂಡುತ್ತಿದ್ದರು, ಗಂಡ ಕೋಲಿನಿಂದ ಕಲ್ಲು ಮಗುಚುತ್ತಿದ್ದರು. ನಾನು ಕೆಳಗಿಳಿದು ಬಾಗಿಲಲ್ಲಿ ನಿಂತಾಗ ಬಚ್ಚಲ ತುಂಬ ಹಬೆ.

“ತಾಮ್ರದ ತಂಬಿಗೆ ನೆಕ್ಕಿದಾಂಗೆ ಆಗ್ತು ಬಾಯೆಲ್ಲ” ಎಂದು ಅತ್ತೆ ಉಗುಳಿದರು.

ಊಟ ಮುಗಿಯುವುದರೊಳಗೆ ಇಬ್ಬರಿಗೂ ನಡುಕ. ಗಂಡನಿಗೆ ಕಾಲು ನಿಲ್ಲುತ್ತಿರಲಿಲ್ಲ. ಅತ್ತೆಗೆ ಒಂದು ಮಾತು ಪೂರ್ತಿ ಆಡಲು ಉಸಿರು ಸಾಲುತ್ತಿರಲಿಲ್ಲ. ರಿಕ್ಷಾದಲ್ಲಿ ಆಸ್ಪತ್ರೆಗೆ ಹೋದೆವು.

“ಅಣಬೆ ತಿಂದ್ರಾ?” ಡಾಕ್ಟರು ಕೇಳಿದರು.

“ಇಲ್ಲ.”

“ನೆನಪು ಮಾಡ್ಕೊಳ್ಳಿ. ಮಳೆಗಾಲದಲ್ಲಿ ಎಲ್ರೂ ಮೊದ್ಲು ಇಲ್ಲ ಅಂತ್ಲೇ ಹೇಳ್ತಾರೆ. ಅಡಿಗೆ ಯಾರು ಮಾಡಿದ್ದು?”

“ನಾನು.”

ಅವರು ನನ್ನನ್ನು ದಿಟ್ಟಿಸಿ ನೋಡಿದರು. ಬಡಿಸಿದವಳು ನಾನು, ಹುಷಾರಾಗಿ ನಿಂತಿದ್ದವಳೂ ನಾನೊಬ್ಬಳೇ. ಆ ನೋಟದ ಎದುರು ನಿಂತೇ ಲೆಕ್ಕ ಹಾಕಿದೆ: ಮೂವರೂ ಉಂಡದ್ದು ಒಂದೇ ಅನ್ನ, ಒಂದೇ ತಂಬುಳಿ. ಬಚ್ಚಲಿನಲ್ಲಿ ಇದ್ದವರು ಮಾತ್ರ ಇಬ್ಬರು.

“ಇವರಿಬ್ಬರೂ ಸಂಜೆ ಕಲ್ಲು ಕುದಿಸಿದ್ರು” ಎಂದೆ.

“ಕಲ್ಲಾ?” ಅವರ ಪೆನ್ನು ನಿಂತಿತು. ಆದರೂ ಮತ್ತೇನೂ ಕೇಳದೆ ಅತ್ತೆಗೆ ಆಮ್ಲಜನಕ ಕೊಡಿಸಿದರು. ಆ ಸಿಲಿಂಡರ್ ಇಲ್ಲದಿದ್ದರೆ ಅತ್ತೆ ಉಳಿಯುತ್ತಿರಲಿಲ್ಲ ಎಂದು ಆಮೇಲೆ ಡಾಕ್ಟರೇ ಹೇಳಿದರು.

ಗಂಡ ಮೊದಲು ಚೇತರಿಸಿಕೊಂಡು ಸೈಬರ್ ಕೆಫೆಗೆ ಹೋಗಿಬಂದರು.

“ಹಸಿರು ಹೂವಡ” ಎಂದರು, ಅಲ್ಲಿ ಓದಿದ್ದನ್ನು ಹೇಳುತ್ತಾ. “ಕುದಿಸಿದ್ರೆ ಅದ್ರ ವಿಷ ಹಬೆಲಿ ಬತ್ತಡ.”

“ಮತ್ತೆ ಕಂದು ಹೂವು?”

“ಅದು ಮೀನಿಗಷ್ಟೇ ಉಪದ್ರ.”

ತೊಟ್ಟಿ ಖಾಲಿಯಾಯಿತು. ಕಲ್ಲನ್ನು ಬ್ಲೀಚಿಂಗ್ ನೀರಲ್ಲಿ ಮುಳುಗಿಸಿಟ್ಟು ಹೂತೆ ಎಂದರು ಗಂಡ. ಅತ್ತೆ ಮನೆಗೆ ಬಂದರೂ ನನಗೆ ನಿದ್ದೆ ಬರಲಿಲ್ಲ. ಪಕ್ಕದ ಕೋಣೆಯ ಉಸಿರು ಎಣಿಸುತ್ತಾ ಮಲಗಿರುತ್ತಿದ್ದೆ. ಅನ್ನದ ಪಾತ್ರೆಯ ಹಬೆ ಕಂಡರೂ ಹಿಂದೆ ಸರಿಯುತ್ತಿದ್ದೆ. ಗಂಡ ಮಾತ್ರ ದಿನವೂ ಬೆಳಿಗ್ಗೆ ಸೌದೆಮನೆಗೆ ಹೋಗಿಬರುತ್ತಿದ್ದರು. ನನಗೆ ತಿಳಿದ ಮಟ್ಟಿಗೆ ಸೌದೆ ತರುವ ಅಭ್ಯಾಸ ಅವರಿಗಿರಲಿಲ್ಲ.

ಒಂದು ಮಧ್ಯಾಹ್ನ ಕರೆಂಟು ಬಂದಾಗ ಅಲ್ಲಿಂದ ಗುಳುಗುಳು ಕೇಳಿತು. ಗೋಣಿಚೀಲ ಸರಿಸಿದೆ. ಬಕೆಟ್ಟಿನಲ್ಲಿ ಕಲ್ಲಿನ ಚೂರು, ಅದರ ಮೇಲೆ ಅರಳಿಕೊಂಡ ಹಸಿರು ಗುಂಡಿಗಳು. ಕುದಿಸುವ ಮೊದಲೇ ಒಡೆದಿಟ್ಟದ್ದು.

ನಾನು ಕರೆದದ್ದಕ್ಕೆ ಗಂಡ ಬಂದರು. ಹಿಂದೆಯೇ ಅತ್ತೆ, ಗೋಡೆ ಹಿಡಿದುಕೊಂಡು.

“ಇದನ್ನ ಎಂತಕ್ಕೆ... ಇಟ್ಕಂಡಿದ್ದೆ ತಮಾ?”

“ಚೊಲೋ ಇದ್ದಿತ್ತು ಆಯಿ.”

“ಚೊಲೋ ಇದ್ದು.” ಅತ್ತೆ ಉಸಿರಿಗಾಗಿ ನಿಂತರು. ನಾವಿಬ್ಬರೂ ಆ ಉಸಿರು ಮುಗಿಯುವವರೆಗೆ ಕಾದೆವು. “ಆದ್ರೆ ಆನು ದಿನಾ... ಇಲ್ಲಿಗೇ ಸೌದೆಗೆ ಬರವು.” ಒಲೆಯ ಸೌದೆಗೆ ದಿನವೂ ಬರಬೇಕಾದವರು ಅವರೇ.

ಗಂಡ ಕೈಗವಸು ಹಾಕಿಕೊಂಡರು. ಬಕೆಟ್ಟನ್ನು ಹಿತ್ತಲಿಗೆ ಒಯ್ದು, ನಮ್ಮ ಕಣ್ಣೆದುರೇ ಬ್ಲೀಚಿಂಗ್ ನೀರು ಸುರಿದು ಮುಚ್ಚಳ ಬಿಗಿದರು. ಪಂಪಿನ ವೈರು ಸುತ್ತಿ ನನ್ನ ಕೈಗೇ ಕೊಟ್ಟರು.

ಮರುದಿನ ನನಗೆ ಎಚ್ಚರವಾದದ್ದು ಅತ್ತೆಯ ದನಿಗೆ. “ಹಾಲಿನವ ಬಂದು ಹೋದ. ಇವತ್ತೆಂತ, ಇಬ್ರೂ ಏಳ್ತ್ವಿಲ್ಯ?” ಒಂದೇ ಉಸಿರಿಗೆ ಹೇಳಿದ್ದರು. ಬಚ್ಚಲ ಒಲೆ ಹತ್ತಿತ್ತು, ಕಿಟಕಿ ತೆರೆದಿತ್ತು.